ಹೊಸ ಕೋಚ್ ಬಂದಿದ್ದಾರೆ

ನಾನು ಓದಿದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಕೊನೆಗೂ ಹೊಸ ಕೋಚ್ ಬಂದಿದ್ದಾರೆ. ಮೊದಲ ಸುತ್ತಿನಲ್ಲೇ ಸೋತು, ದಾರಿಯಲ್ಲಿ ಗೋಳಿಬಜೆ ತಿಂದು ಮರಳುವುದು ನಮ್ಮವರಿಗೆ ಸಂಪ್ರದಾಯವೇ ಆಗಿತ್ತು. ನಿನ್ನೆ ಸಂಜೆ ಕುತೂಹಲಕ್ಕೆ ಹೋಗಿ ನೋಡಿದೆ. ಮಂಗಳೂರಿನ ಮಳೆಗೆ ಪಾಚಿಗಟ್ಟಿದ ಅಂಕಣವನ್ನು ಹುಡುಗರ ಜೊತೆ ತಾವೂ ನಿಂತು ಉಜ್ಜುತ್ತಿದ್ದರು; ಚೆಂಡು ಇನ್ನೂ ಚೀಲದಲ್ಲೇ ಇತ್ತು.

“ಇವರಾದರೂ ಗೆಲ್ಲಿಸುತ್ತಾರೆಯೇ ಮಾರಾಯರೇ?” ಎಂದು ಪಕ್ಕದಲ್ಲಿದ್ದ ಹಳೆಯ ಆಟಗಾರರೊಬ್ಬರು ಕೇಳಿದರು.

1891ರಲ್ಲಿ ಈ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್, ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿ ಗೆದ್ದದ್ದು 55 ಪಂದ್ಯ, ಸೋತದ್ದು 60. ಅಲ್ಲಿನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರಿಗೇ! ಹಾಗೆಂದು ಹೇಳಿದೆ. ಅವರಿಗೇನೂ ಸಮಾಧಾನವಾದಂತೆ ಕಾಣಲಿಲ್ಲ. ನನಗಂತೂ ಆ ಉಜ್ಜಿದ ಅಂಕಣ ಇಷ್ಟವಾಯಿತು.