ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್: ಡಿಸ್ಟ್ರೊ ಆಮೇಲೆ, ಮೊದಲು ಮೆಷಿನ್ ನೋಡಿ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಹೀಗಾಗಿ 2013ರಿಂದ 2017ರೊಳಗೆ ಕೊಂಡ ಎಷ್ಟೋ ಲ್ಯಾಪ್‌ಟಾಪುಗಳು, ಪರದೆ, ಕೀಬೋರ್ಡ್ ಎಲ್ಲ ಗಟ್ಟಿಮುಟ್ಟಾಗಿದ್ದರೂ, ಅಟ್ಟ ಸೇರುತ್ತಿವೆ. ಮಕ್ಕಳ ಓದು, ಕಚೇರಿಯ ಪತ್ರ, ಬ್ಯಾಂಕ್ ಕೆಲಸ, ಯೂಟ್ಯೂಬ್ ಇಷ್ಟಕ್ಕೆ ಅವು ಇನ್ನೂ ಧಾರಾಳ ಸಾಕು. ಗುಜರಿಗೆ ಹಾಕಬೇಡಿ, ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ.

ಬಹಳ ಮಂದಿ "ಯಾವ ಡಿಸ್ಟ್ರೊ ಹಾಕಲಿ?" ಎಂದೇ ಶುರುಮಾಡುತ್ತಾರೆ. ಡಿಸ್ಟ್ರೊ ಅಂದರೆ ಲಿನಕ್ಸಿನ ನಾನಾ ಸಿದ್ಧ ರೂಪಗಳಲ್ಲಿ ಒಂದು. ಅದು ಕೊನೆಯ ಪ್ರಶ್ನೆ. ಮೆಷಿನ್ನಿನಲ್ಲಿ ಏನಿದೆ ಎಂದು ನೋಡಿ, ಅದಕ್ಕೆ ಒಗ್ಗುವ ಡೆಸ್ಕ್‌ಟಾಪ್ (ಪರದೆಯ ಮೇಲೆ ಕಾಣುವ ಮೆನು, ವಿಂಡೋಗಳ ವ್ಯವಸ್ಥೆ) ಯಾವುದು ಎಂದು ತೀರ್ಮಾನಿಸಿದರೆ, ಡಿಸ್ಟ್ರೊ ತಾನಾಗಿ ಒಂದೆರಡಕ್ಕೆ ಇಳಿಯುತ್ತದೆ.

ಮೊದಲು ಡಿಸ್ಕ್. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಯಾವ ಲಿನಕ್ಸೂ ಅದನ್ನು ಚುರುಕು ಮಾಡಲಾರದು. 2.5 ಇಂಚಿನ 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿ, ಉಳಿದದ್ದು ಆಮೇಲೆ. ರ‍್ಯಾಮ್ 4 ಜಿಬಿ ಇದ್ದು, ಖಾಲಿ ಸ್ಲಾಟ್ ಇದ್ದರೆ 8ಕ್ಕೆ ಏರಿಸಿ. ಇಲ್ಲೊಂದು ಎಡವಟ್ಟು ಆಗುತ್ತದೆ: ಆ ಕಾಲದ ಅನೇಕ ಲ್ಯಾಪ್‌ಟಾಪುಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ನೋಡಲು ಒಂದೇ ಥರ ಇರುವ 1.5 ವೋಲ್ಟಿನ ಡಿಡಿಆರ್3 ಹಾಕಿದರೆ ಮೆಷಿನ್ ಆನ್ ಆಗದೆಯೇ ಇರಬಹುದು. ಹಳೆಯ ಸ್ಟಿಕ್ಕಿನ ಮೇಲಿನ ಚೀಟಿಯಲ್ಲಿ "ಎಲ್" ಅಕ್ಷರ ಇದೆಯೇ ಎಂದು ಓದಿಕೊಂಡು ಅಂಗಡಿಗೆ ಹೋಗಿ.

ಈಗ ಡೆಸ್ಕ್‌ಟಾಪ್. ಏನೂ ತೆರೆಯದೆ ಸುಮ್ಮನೆ ಇರುವಾಗ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಸುಮಾರು 600ರಿಂದ 800 ಎಂಬಿ ರ‍್ಯಾಮ್ ತಿನ್ನುತ್ತದೆ, ಸಿನಮನ್ 1 ಜಿಬಿ ಆಸುಪಾಸು, ಗ್ನೋಮ್ ಅದಕ್ಕಿಂತ ಹೆಚ್ಚು. 8 ಜಿಬಿ ಇದ್ದರೆ ಈ ಲೆಕ್ಕಕ್ಕೆ ಬೆಲೆ ಇಲ್ಲ, ಮನಸ್ಸಿಗೆ ಒಪ್ಪಿದ್ದನ್ನು ಹಾಕಿಕೊಳ್ಳಿ. 4 ಜಿಬಿಯಲ್ಲಿ ಮಾತ್ರ ಇದು ದೊಡ್ಡ ವ್ಯತ್ಯಾಸ, ಏಕೆಂದರೆ ಏಳೆಂಟು ಟ್ಯಾಬ್ ತೆರೆದ ಬ್ರೌಸರ್ ಒಂದೇ 2 ಜಿಬಿ ನುಂಗಬಲ್ಲದು. ಹಾಗಾಗಿ 4 ಜಿಬಿಗೆ ನನ್ನ ಉತ್ತರ ಎಕ್ಸ್‌ಎಫ್‌ಸಿಇ. ಜೊತೆಗೆ ಝಡ್‌ರ‍್ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಶೇಕಡಾ 50 ಎಂಬ ಸಾಲಿನ ಮುಂದಿರುವ # ಚಿಹ್ನೆ ತೆಗೆದುಬಿಡಿ. ತುಂಬಿದ ಮೆಮೊರಿ ಡಿಸ್ಕಿಗೆ ಹೋಗುವ ಬದಲು ರ‍್ಯಾಮಿನೊಳಗೇ ಕುಗ್ಗಿ ಕೂರುತ್ತದೆ. ಟ್ಯಾಬ್ ಬದಲಿಸುವಾಗ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಎಕ್ಸ್‌ಎಫ್‌ಸಿಇಯ ಕೊರತೆ ಇರುವುದು ಪರದೆಯ ಅಳತೆಯಲ್ಲಿ. 14 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಅಕ್ಷರ ಸಣ್ಣದಾಗಿ ಕಂಡರೆ, ಅಪಿಯರೆನ್ಸ್ ಒಳಗಿನ ಫಾಂಟ್ಸ್ ಪುಟದಲ್ಲಿ ಡಿಪಿಐ 96 ಇರುವುದನ್ನು 120 ಮಾಡಿ. ಅಕ್ಷರವೇನೋ ಸರಿಹೋಗುತ್ತದೆ, ಕೆಲವು ಐಕಾನ್‌ಗಳು ಮಾತ್ರ ಚಿಕ್ಕದಾಗಿಯೇ ಉಳಿಯುತ್ತವೆ. ಎಲ್ಲವೂ ಒಂದೇ ಹದದಲ್ಲಿ 125% ದೊಡ್ಡದಾಗಬೇಕು, ಟಚ್‌ಪ್ಯಾಡಿನಲ್ಲಿ ಮೂರು ಬೆರಳಿನ ಸನ್ನೆಗಳೂ ಬೇಕು ಎನ್ನುವವರು 8 ಜಿಬಿ ಮಾಡಿಸಿ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಹಾಕಿಕೊಳ್ಳಲಿ.

ಡಿಸ್ಟ್ರೊ ವಿಷಯಕ್ಕೆ ಬಂದರೆ, ಹಳೆ ಮೆಷಿನ್ನಿಗೆ ಬೇಕಾದದ್ದು ಹೊಸತನವಲ್ಲ, ಪದೇಪದೇ ಬದಲಾಗದಿರುವುದು. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಉಬುಂಟು 24.04ರ ಮೇಲೆ ನಿಂತಿದೆ. 2029ರವರೆಗೆ ಅಪ್‌ಡೇಟ್ ಬರುತ್ತದೆ. ಮೊದಲ ಸಲದವರಿಗೆ ಇದೇ ಸರಿ. ಕೈ ಪಳಗಿದವರಿಗೆ ಡೆಬಿಯನ್. 12ನೇ ಆವೃತ್ತಿಯಿಂದ ವೈಫೈ ಫರ್ಮ್‌ವೇರ್ (ವೈಫೈ ಕಾರ್ಡನ್ನು ನಡೆಸುವ ಫೈಲುಗಳು) ಇನ್‌ಸ್ಟಾಲರಿನಲ್ಲೇ ಇರುವುದರಿಂದ ಹಳೆಯ ತಲೆನೋವು ಬಹುಮಟ್ಟಿಗೆ ಹೋಗಿದೆ. ಪ್ರೊಸೆಸರ್ 32 ಬಿಟ್‌ನದಾದರೆ ಡೆಬಿಯನ್ 12ಕ್ಕೇ ನಿಲ್ಲಬೇಕು, 13ಕ್ಕೆ ಆ ಇನ್‌ಸ್ಟಾಲರ್ ಇಲ್ಲ. ಫೆಡೋರಾ ಚೆನ್ನಾಗಿದೆ, ಆದರೆ ಒಂದೊಂದು ಆವೃತ್ತಿಗೂ ಸುಮಾರು 13 ತಿಂಗಳ ಆಯಸ್ಸು. ಅಪ್ಪ ಅಮ್ಮನ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಟ್ಟು ದೂರದ ಊರಿನಲ್ಲಿ ಕೂರಬೇಡಿ.

ಹಾಕುವ ಮುನ್ನ 8 ಜಿಬಿ ಪೆನ್‌ಡ್ರೈವಿಗೆ ಡಿಸ್ಟ್ರೊದ ಐಎಸ್‌ಒ ಫೈಲನ್ನು ಬರೆದು, ಇನ್‌ಸ್ಟಾಲ್ ಮಾಡದೆ ಲೈವ್ ಆಗಿಯೇ ಅರ್ಧ ಗಂಟೆ ಓಡಿಸಿ. ವೈಫೈ, ಸ್ಪೀಕರ್, ಕ್ಯಾಮೆರಾ, ಬೆಳಕು ಏರಿಸುವ ಕೀಗಳನ್ನು ನೋಡಿ. ಮುಖ್ಯವಾಗಿ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ: ಪರದೆ ಮತ್ತೆ ಬಂತೇ, ವೈಫೈ ಮತ್ತೆ ಸಿಕ್ಕಿತೇ? ಜನ ಪರೀಕ್ಷಿಸದೆ ಬಿಡುವುದು ಇದನ್ನೇ, ಆಮೇಲೆ ದಿನಾ ಕಾಡುವುದೂ ಇದೇ.

ವೈಫೈ ಕಾಣದಿದ್ದರೆ ಕಾರ್ಡ್ ಬ್ರಾಡ್‌ಕಾಮ್ ಇರುವ ಸಂಭವ ಹೆಚ್ಚು. ಆ ವರ್ಷಗಳ ಲ್ಯಾಪ್‌ಟಾಪುಗಳಲ್ಲಿ ಬಿಸಿಎಂ43142 ಸಾಮಾನ್ಯ. ಇನ್‌ಸ್ಟಾಲ್ ಮುಗಿದ ಮೇಲೆ ಫೋನನ್ನು ಕೇಬಲಿನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದು ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ (ಒಪ್ಪಿಗೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆಗುವಾಗ ಮಾಕ್ (MOK) ಮ್ಯಾನೇಜ್‌ಮೆಂಟ್ ಎಂಬ ನೀಲಿ ಪರದೆ ಕೆಲವೇ ಸೆಕೆಂಡು ನಿಲ್ಲುತ್ತದೆ. ಕೀ ಒತ್ತಿ, ಎನ್‌ರೋಲ್ ಮಾಕ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಇದು ತಪ್ಪಿಹೋದರೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ, ಏಕೆಂದರೆ ಅದರ ಸಹಿಯನ್ನು ಮೆಷಿನ್ ಒಪ್ಪಿಲ್ಲ. "ಲಿನಕ್ಸಿನಲ್ಲಿ ವೈಫೈ ಬರಲ್ಲ" ಎನ್ನುವ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಈ ನೀಲಿ ಪರದೆ.

ವಿಂಡೋಸನ್ನೂ ಉಳಿಸಿಕೊಳ್ಳುವವರು ಅದರ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗಲೆಂದು ವಿಂಡೋಸ್ ಪೂರ್ತಿ ಆರದೆ ಉಳಿಯುವ ಸೌಲಭ್ಯ) ಆಫ್ ಮಾಡಲೇಬೇಕು, ಇಲ್ಲವಾದರೆ ಆ ಡ್ರೈವಿಗೆ ಲಿನಕ್ಸಿನಿಂದ ಏನನ್ನೂ ಬರೆಯಲಾಗುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಮೊದಲೇ ತೆಗೆದಿಡಿ. ಅತ್ತಿಂದಿತ್ತ ಬದಲಿಸಿದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪು ತೋರಿಸಬಹುದು: ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರವನ್ನು ಯುಟಿಸಿ (ವಿಶ್ವ ಸಮಯ) ಎಂದು ಓದುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ.

ಇನ್ನು ಕನ್ನಡ. ಕೀಬೋರ್ಡ್ ಸೆಟ್ಟಿಂಗ್‌ನ ಭಾರತೀಯ ಲೇಔಟುಗಳಲ್ಲಿ ಕನ್ನಡ ಕಗಪ ಎಂಬುದು ಸಿಗುತ್ತದೆ. ಆದರೆ ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಅದು ಒಗ್ಗುವುದಿಲ್ಲ: ಆ ಲೇಔಟಿಗೆ ಹಿಂದಿನ ಅಕ್ಷರ ಯಾವುದೆಂದು ಗೊತ್ತಾಗದು, ಆದ್ದರಿಂದ ಸ್ವರಕ್ಕೂ ಅದರ ಗುಣಿತ ಚಿಹ್ನೆಗೂ ಬೇರೆ ಬೇರೆ ಒತ್ತಬೇಕು. ಟೈಪಿಂಗಿಗೆ ನೆರವಾಗುವ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್ ಪಟ್ಟಿಯಿಂದ ಕನ್ನಡ ಕೆಜಿಪಿ ಸೇರಿಸಿ. ವ್ಯಂಜನದ ನಂತರ ಸ್ವರ ಒತ್ತಿದರೆ ಗುಣಿತವೇ ಬರುತ್ತದೆ, ನುಡಿಯ ಹಾಗೆಯೇ. ಗುಬ್ಬಿ, ನವಿಲು ಫಾಂಟುಗಳನ್ನೂ ಹಾಕಿಕೊಳ್ಳಿ. ನುಡಿಯ ಹಳೆಯ ಆಸ್ಕಿ ಕಡತಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಲೇಬೇಕು.

ಇನ್‌ಸ್ಟಾಲ್ ಮಾಡುವಾಗ ಮಾತ್ರ ಕೀಬೋರ್ಡ್ ಇಂಗ್ಲಿಷಿನಲ್ಲೇ ಇರಲಿ, ಕನ್ನಡವನ್ನು ಆಮೇಲೆ ಸೇರಿಸಿ. ಕನ್ನಡ ಲೇಔಟ್ ಮೊದಲನೆಯದಾಗಿ ಕೂತರೆ ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಕನ್ನಡ ಅಕ್ಷರಗಳಲ್ಲಿ ಹೋಗುತ್ತದೆ, ಅಲ್ಲಿ ಬರೀ ಚುಕ್ಕೆಗಳು ಕಾಣುವುದರಿಂದ ಏನು ತಪ್ಪಾಗಿದೆ ಎಂಬುದೇ ತಿಳಿಯುವುದಿಲ್ಲ.