ಸ್ಪೋಕ್ಯಾನ್‌ನ ರಿವರ್‌ಸೈಡ್ ಪಾರ್ಕ್: ತೂಗುಸೇತುವೆ ದಾಟಿ ಸಂಗಮದವರೆಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕ್ಯಾನ್ ನಗರದ ವಾಯವ್ಯ ಅಂಚಿನಲ್ಲೇ ರಿವರ್‌ಸೈಡ್ ಸ್ಟೇಟ್ ಪಾರ್ಕ್ ಶುರುವಾಗುತ್ತದೆ. ಬಂದವರಲ್ಲಿ ಹೆಚ್ಚಿನವರು ‘ಬೌಲ್ ಅಂಡ್ ಪಿಚರ್’ ಎಂಬ ಬಂಡೆಗಳ ಹತ್ತಿರದ ತೂಗುಸೇತುವೆಯ ಮೇಲೆ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಸೇತುವೆ ಚೆನ್ನಾಗಿದೆ, ನಿಜ. ಆದರೆ ಈ ಪಾರ್ಕಿನ ಜೀವ ಇರುವುದು ಕೆಳಗೆ, ಸ್ಪೋಕ್ಯಾನ್ ಮತ್ತು ಲಿಟಲ್ ಸ್ಪೋಕ್ಯಾನ್ ನದಿಗಳು ಕೂಡುವ ಸಂಗಮದಲ್ಲಿ. ಒಂದು ದಿನ ಬಿಡುವಿದ್ದರೆ ಬೆಳಿಗ್ಗೆ ಸೇತುವೆ, ಮಧ್ಯಾಹ್ನ ಸಂಗಮ ಅಂತ ಹಂಚಿಕೊಳ್ಳಿ. ಗಾಡಿ ನಿಲ್ಲಿಸಲು ‘ಡಿಸ್ಕವರ್ ಪಾಸ್’ ಬೇಕು. ಒಂದು ದಿನದ್ದಕ್ಕೆ 10 ಡಾಲರ್. ಕನ್ನಡಿಯ ಹತ್ತಿರ ಕಾಣುವ ಹಾಗೆ ಇಡಿ.

ಸೇತುವೆಯ ಸುತ್ತ ನದಿಯೊಳಗೆ ಎದ್ದು ನಿಂತ ಕಪ್ಪು ಬಂಡೆಗಳೆಲ್ಲ ಬಸಾಲ್ಟ್, ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಹರಿದ ಲಾವಾ. ಹಿಮಯುಗದ ಕೊನೆಯಲ್ಲಿ ಮಿಸೌಲ ಸರೋವರದ ಹಿಮದ ಕಟ್ಟೆ ಮತ್ತೆ ಮತ್ತೆ ಒಡೆದು ನುಗ್ಗಿದ ಮಹಾಪ್ರವಾಹ ಈ ಕಣಿವೆಯನ್ನು ಕೆತ್ತಿತು. ಅದೇ ಕಲ್ಲನ್ನು 1930ರ ದಶಕದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಟ್ಟ ‘ಸಿವಿಲಿಯನ್ ಕನ್ಸರ್ವೇಶನ್ ಕೋರ್’ ಎಂಬ ಸರ್ಕಾರಿ ಯೋಜನೆಯ ಹುಡುಗರು ಗೋಡೆಗೆ, ಮಂಟಪಕ್ಕೆ ಬಳಸಿದರು. ಆರ್ಥಿಕ ಕುಸಿತದ ಕಾಲ ಅದು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಸುಮಾರು 25 ಡಾಲರ್ ನೇರ ಮನೆಗೆ ಹೋಗುತ್ತಿತ್ತು.

ಸೇತುವೆ ದಾಟಿದ ಮೇಲೆ ಪಾಂಡೆರೋಸ ಪೈನ್ ಕಾಡು. ಎಳೆ ಮರದ ತೊಗಟೆ ಕಪ್ಪು. ವಯಸ್ಸಾದಂತೆ ಕಿತ್ತಳೆಗೆ ತಿರುಗಿ, ಒಗಟಿನ ಚಿತ್ರದ ತುಂಡುಗಳಂತೆ ಹಲ್ಲೆಹಲ್ಲೆಯಾಗಿ ಉದುರುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಹಳೆ ಮರವೊಂದರ ತೊಗಟೆಯ ಬಿರುಕಿಗೆ ಮೂಗು ಇಟ್ಟು ನೋಡಿ, ವೆನಿಲ್ಲಾ ವಾಸನೆ ಬರುತ್ತದೆ. ವಸಂತದಲ್ಲಿ ಇಲ್ಲಿ ರಕ್ತ ಹೀರುವ ಉಣ್ಣಿಗಳ ಕಾಟವಿದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ವಾಪಸ್ ಬಂದಮೇಲೆ ಮಂಡಿಯ ಹಿಂದೆ, ಕಂಕುಳು, ಕೂದಲಿನ ಬುಡ ನೋಡಿಕೊಳ್ಳಿ. ದಡದ ಬಳಿ ಮೈ ತುರಿಸುವಂತೆ ಮಾಡುವ ಮೂರೆಲೆಯ ಗಿಡ ಪಾಯ್ಸನ್ ಐವಿ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಬರೀ ಒರೆಸಿದರೆ ಆ ಗಿಡದ ಎಣ್ಣೆ ಇನ್ನಷ್ಟು ಹರಡುತ್ತದೆ. ಈ ಭಾಗದಲ್ಲಿ ನೀರಿಗಿಳಿಯಲೇ ಬೇಡಿ. ಹಿಮ ಕರಗುವ ವಸಂತದಲ್ಲಂತೂ ಹೊಳೆ ತಣ್ಣಗೆ, ಜೋರಾಗಿರುತ್ತದೆ.

ಇನ್ನು ಸಂಗಮ. ಇಲ್ಲಿನ ಮೂಲನಿವಾಸಿಗಳಾದ ಸ್ಪೋಕ್ಯಾನ್ ಜನಾಂಗ ತಲೆಮಾರುಗಳಿಂದ ಸಾಲ್ಮನ್ ಮೀನು ಹಿಡಿಯಲು ಸೇರುತ್ತಿದ್ದ ಜಾಗ ಇದು. ಜನ ಸೇರುವ ಕಡೆ ವ್ಯಾಪಾರ ಬಂದೇ ಬರುತ್ತದೆ: 1810ರಲ್ಲಿ ನಾರ್ತ್ ವೆಸ್ಟ್ ಕಂಪನಿಗಾಗಿ ಜಾಕೋ ಫಿನ್ಲೆ ಮತ್ತು ಫಿನನ್ ಮ್ಯಾಕ್‌ಡೊನಾಲ್ಡ್ ಇಲ್ಲಿ ‘ಸ್ಪೋಕ್ಯಾನ್ ಹೌಸ್’ ಎಂಬ ತುಪ್ಪಳ ವ್ಯಾಪಾರದ ಕೋಠಿ ಕಟ್ಟಿದರು. 1812ರಲ್ಲಿ ಪೆಸಿಫಿಕ್ ಫರ್ ಕಂಪನಿ ಪಕ್ಕದಲ್ಲೇ ಪೈಪೋಟಿಗೆ ಇಳಿಯಿತು. ಆದರೆ ಸರಕು ಸಾಗುವ ಕೊಲಂಬಿಯಾ ನದಿ ಇಲ್ಲಿಂದ ದೂರ. ಕುದುರೆ ಮೇಲೆ ಹೇರಿ ಸಾಗಿಸುವ ಖರ್ಚು ತಾಳಲಾರದೆ 1826ರಲ್ಲಿ ಕೋಠಿಯನ್ನು ಫೋರ್ಟ್ ಕಾಲ್ವಿಲ್‌ಗೆ ಸಾಗಿಸಿದರು. ಫಿನ್ಲೆ ಮಾತ್ರ ಇಲ್ಲೇ ಉಳಿದು 1828ರಲ್ಲಿ ಇಲ್ಲೇ ತೀರಿಕೊಂಡರು.

ಲಿಟಲ್ ಸ್ಪೋಕ್ಯಾನ್ ನೋಡಲು ಕಯಾಕ್‌ನಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ನೆಲದಡಿಯ ಜಲಪದರದಿಂದ ಒರತೆ ಉಕ್ಕಿ ಸೇರುವುದರಿಂದ ಕಡುಬೇಸಿಗೆಯಲ್ಲೂ ಇದು ಬತ್ತುವುದಿಲ್ಲ, ನೀರು ತಂಪಾಗಿಯೇ ಇರುತ್ತದೆ. ಪೇಂಟೆಡ್ ರಾಕ್ಸ್ ಬಳಿ ದೋಣಿ ಇಳಿಸಿ, ಹೆದ್ದಾರಿ 291ರ ಹತ್ತಿರ ದಡ ಹತ್ತಬಹುದು. ಎರಡು ಗಾಡಿ ಇದ್ದರೆ ಒಂದನ್ನು ಮೊದಲೇ ಕೆಳಗೆ ಬಿಟ್ಟುಬನ್ನಿ. ತೊಂದರೆಯಾಗುವುದು ತಿರುವುಗಳಲ್ಲಿ: ಸೆಳವು ಹೊರಬದಿಗೆ ಎಳೆಯುತ್ತದೆ, ಅಲ್ಲೇ ಬಿದ್ದ ಮರಗಳು ಅಡ್ಡವಾಗಿರುತ್ತವೆ. ಕೊಂಬೆಯ ಅಡಿಯಲ್ಲಿ ನೀರು ಸರಾಗವಾಗಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ತಿರುವು ಕಂಡ ಕೂಡಲೇ ಒಳಬದಿಗೆ ಹುಟ್ಟು ಹಾಕಿ, ಲೈಫ್ ಜಾಕೆಟ್ ಬಿಚ್ಚಬೇಡಿ. ಟ್ಯೂಬ್, ನಾಯಿ, ಈಜು ಇಲ್ಲಿ ನಿಷಿದ್ಧ. ನೀಲಿ ಬಕಗಳು ಗೂಡು ಕಟ್ಟುವ ತಾಣ ಇದಾದ್ದರಿಂದ ಆ ನಿಯಮ ನ್ಯಾಯವಾದದ್ದೇ. ದೋಣಿ ಇಳಿಸುವ ಮುನ್ನ ಬಂಡೆಯ ಮೇಲಿನ ಕೆಂಪು ಚಿತ್ರಗಳನ್ನು ನೋಡಿ, ಮುಟ್ಟಬೇಡಿ. ಬೆರಳಿನ ಜಿಡ್ಡು ಬಣ್ಣವನ್ನು ಕೆಡಿಸುತ್ತದೆ.

ಪಾರ್ಕಿನೊಳಗಿನ ನೈನ್ ಮೈಲ್ ಅಣೆಕಟ್ಟು 1908ರದ್ದು. ಅದರ ಕೆಳಗೆ ಲಿಟಲ್ ಫಾಲ್ಸ್, ಲಾಂಗ್ ಲೇಕ್, ಕೊನೆಗೆ ಕೊಲಂಬಿಯಾ ಮೇಲಿನ ಗ್ರ್ಯಾಂಡ್ ಕೂಲಿ ಅಣೆಕಟ್ಟುಗಳು ಎದ್ದವು. ಸಮುದ್ರದಿಂದ ಸಾಲ್ಮನ್ ಬರುವ ದಾರಿಯೇ ಮುಚ್ಚಿಹೋಯಿತು. ಈಗ ಸ್ಪೋಕ್ಯಾನ್ ಜನಾಂಗದವರೇ ಮುಂದೆ ನಿಂತು ಲಿಟಲ್ ಸ್ಪೋಕ್ಯಾನ್‌ಗೆ ಚಿನೂಕ್ ಸಾಲ್ಮನ್ ತಂದು ಬಿಟ್ಟಿದ್ದಾರೆ. ಶರತ್ಕಾಲದಲ್ಲಿ ಹೊಳೆಯ ತಳದಲ್ಲಿ ಪಾಚಿ ಹಿಡಿದ ಕಲ್ಲುಗಳ ನಡುವೆ ತೊಳೆದಿಟ್ಟಂತೆ ತಿಳಿಬಣ್ಣದ ಜಲ್ಲಿಯ ತಗ್ಗು ಕಂಡರೆ, ಅದು ಹೆಣ್ಣು ಮೀನು ಬಾಲದಿಂದ ಗುಡಿಸಿ ಮೊಟ್ಟೆಯಿಟ್ಟ ಜಾಗ ಇರಬಹುದು. ಅಲ್ಲಿ ಕಾಲಿಡಬೇಡಿ, ಹುಟ್ಟನ್ನೂ ಊರಬೇಡಿ.