ಹೋರಿ ಕರುವಿನ ಮೊದಲ ಆರು ತಿಂಗಳು: ನಾನು ತಡವಾಗಿ ಕಲಿತದ್ದು

ವೀರ್ಯ ಸಂಗ್ರಹಕ್ಕೆ ಬೇಕಾದ ಹೋರಿ ಕರುಗಳನ್ನು ಬೆಳೆಸುವುದು ನನ್ನ ಕೆಲಸ. ಹುಟ್ಟಿದ ದಿನದಿಂದ ಮೊದಲ ಸಲ ವೀರ್ಯ ತೆಗೆಯುವವರೆಗೂ ಅವು ನನ್ನ ಕೈಯಲ್ಲೇ ಇರುತ್ತವೆ. ಚಿಕ್ಕದರಲ್ಲಿ ಸ್ವಲ್ಪ ಬಡಕಲಾದರೂ ಪರವಾಗಿಲ್ಲ, ಆಮೇಲೆ ಹೊಟ್ಟೆ ತುಂಬ ಹಾಕಿದರೆ ಸರಿಹೋಗುತ್ತದೆ ಅಂತ ಶುರುವಿನ ವರ್ಷಗಳಲ್ಲಿ ಗಟ್ಟಿಯಾಗಿ ನಂಬಿದ್ದೆ. ಒಂದು ಸಲ ಹಾಗೇ ಮಾಡಿದೆ ಕೂಡ.

ಆ ಸಲ ಕರುಗಳು ಜಾಸ್ತಿ, ಕೆಲಸದವರು ಕಡಿಮೆ. ದಿನದ ಹಾಲನ್ನು ಮೈತೂಕದ ಹತ್ತರಲ್ಲಿ ಒಂದು ಪಾಲಿಗೆ ನಿಲ್ಲಿಸಿದೆವು, ಬೇಗ ಹಾಲು ಬಿಡಿಸಿದೆವು, ಹಿಂಡಿಯನ್ನೂ ಕೈ ಹಿಡಿದೇ ಹಾಕಿದೆವು. ಏಳನೇ ತಿಂಗಳಿಂದ ಮಾತ್ರ ಧಾರಾಳ. ವರ್ಷ ತುಂಬುವಷ್ಟರಲ್ಲಿ ತೂಕ ಹಿಂದಿನ ಗುಂಪಿನ ಹತ್ತಿರಕ್ಕೆ ಬಂದಿತ್ತು, ಮೈ ಮಿರಮಿರ ಹೊಳೆಯುತ್ತಿತ್ತು. ನನಗೆ ಖುಷಿಯೋ ಖುಷಿ.

ಆಮೇಲೆ ಟೇಪ್ ಹಿಡಿದೆ. ಹಿಂದೆ ನಿಂತು, ವೃಷಣ ಚೀಲದ ಮೇಲ್ಭಾಗವನ್ನು ಮೆಲ್ಲಗೆ ಹಿಡಿದು, ಎರಡೂ ಬೀಜಗಳನ್ನು ಪಕ್ಕಪಕ್ಕ ಬರುವಂತೆ ಕೆಳಗಿಳಿಸಿ, ಚರ್ಮ ಸುಕ್ಕಾಗದಂತೆ ನೋಡಿಕೊಂಡು ಎಲ್ಲಿ ದಪ್ಪವೋ ಅಲ್ಲಿ ಟೇಪ್ ಸುತ್ತಬೇಕು. ಸುತ್ತಳತೆ ಸುಮಾರು 28 ಸೆಂ.ಮೀ. ಮುಟ್ಟಿದರೆ ಹೋರಿ ಪ್ರಾಯಕ್ಕೆ ಬರುವ ಹೊತ್ತಾಯಿತು ಅಂತ ಲೆಕ್ಕ. ನನಗೆ ಒಂದರ ಹಿಂದೊಂದು 25, 26 ಬರುತ್ತಿತ್ತು. ಒಂದು ಹೋರಿಯನ್ನಂತೂ ಮೂರು ಸಲ ಅಳೆದೆ. ವೀರ್ಯ ತೆಗೆದು ನೋಡಿದರೆ ನೀರುನೀರು. ಒಂದು ಸಲದ ವೀರ್ಯದಲ್ಲಿ ಕನಿಷ್ಠ 5 ಕೋಟಿ ವೀರ್ಯಾಣು ಇದ್ದು, ಅದರಲ್ಲಿ ಶೇಕಡಾ 10ರಷ್ಟಾದರೂ ಮುಂದಕ್ಕೆ ಈಜುತ್ತಿದ್ದರೆ ಹೋರಿ ಪ್ರಾಯಕ್ಕೆ ಬಂದಿದೆ ಎನ್ನುತ್ತೇವೆ. ಇವು ಅದರ ಹತ್ತಿರಕ್ಕೂ ಬಂದಿರಲಿಲ್ಲ.

ನಮ್ಮ ಡಾಕ್ಟರು ರಿಜಿಸ್ಟರ್ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು. "ಮೂರನೇ ತಿಂಗಳಲ್ಲಿ ಇವಕ್ಕೆ ಏನು ಹಾಕ್ತಿದ್ರಿ?"

ಅವರು ಕೂತು ವಿವರಿಸಿದ್ದು ಇಷ್ಟು. ಎರಡರಿಂದ ಐದು ತಿಂಗಳ ನಡುವೆ ಹೋರಿ ಕರುವಿನ ರಕ್ತದಲ್ಲಿ ಎಲ್‌ಎಚ್ ಅನ್ನುವ ಹಾರ್ಮೋನು ಒಮ್ಮೆ ಏರಿ ಆಮೇಲೆ ಇಳಿಯುತ್ತದೆ. ಮೆದುಳಿನಿಂದ ಸೂಚನೆ ಬಂದ ಹಾಗೆಲ್ಲ ಪಿಟ್ಯೂಟರಿ ಗ್ರಂಥಿ ಅದನ್ನು ಬಿಟ್ಟುಬಿಟ್ಟು ಸುರಿಸುತ್ತದೆ. ಹೊರಗಿನಿಂದ ನೋಡಿದರೆ ಕರುವಿನಲ್ಲಿ ಏನೂ ಕಾಣುವುದಿಲ್ಲ, ಆದರೆ ಮುಂದಿನ ಪ್ರಾಯದ ಕೆಲಸ ಶುರುವಾಗುವುದೇ ಆಗ. ಕರುವಿಗೆ ಚೆನ್ನಾಗಿ ಸಿಗುತ್ತಿದ್ದರೆ ರಕ್ತದಲ್ಲಿ ಇನ್ಸುಲಿನ್, ಮೈ ಬೆಳೆಸುವ ಐಜಿಎಫ್-1 ಅನ್ನುವ ಹಾರ್ಮೋನು ಏರುತ್ತವೆ, ಹೊಟ್ಟೆಗೆ ಕೊರತೆಯಿಲ್ಲ ಅನ್ನುವ ಸುದ್ದಿ ಮೆದುಳಿಗೆ ಮುಟ್ಟುತ್ತದೆ, ಎಲ್‌ಎಚ್ ಪದೇ ಪದೇ ಹೊರಬರುತ್ತದೆ. ಹೊಟ್ಟೆಗೆ ಕಡಿಮೆಯಾದರೆ ಆ ಏರಿಕೆಯೇ ಸಪ್ಪೆ. ವೃಷಣದೊಳಗೆ ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಹೆಚ್ಚುವುದೂ ಪ್ರಾಯಕ್ಕೆ ಮೊದಲೇ. ಆಮೇಲೆ ಅವುಗಳ ಸಂಖ್ಯೆ ಏರುವುದಿಲ್ಲ. ಒಂದೊಂದು ಕೋಶ ಸಾಕಬಲ್ಲ ವೀರ್ಯಾಣುಗಳಿಗೂ ಮಿತಿ ಇದೆ, ಅಲ್ವಾ? ಹೋಲ್‌ಸ್ಟೀನ್ ತಳಿಯ ಕರುಗಳ ಮೇಲಿನ ಪ್ರಯೋಗಗಳಲ್ಲಿ ಮೊದಲ ಆರು ತಿಂಗಳು ಚೆನ್ನಾಗಿ ತಿಂದವು ಸುಮಾರು ಒಂದು ತಿಂಗಳು ಮುಂಚೆ ಪ್ರಾಯಕ್ಕೆ ಬಂದವು, ವೃಷಣವೂ ದೊಡ್ಡದಾಗಿತ್ತು. ಮೊದಲು ಕಡಿಮೆ ತಿಂದವಕ್ಕೆ ಆಮೇಲೆ ಎಷ್ಟು ಹಾಕಿದರೂ ಆ ನಷ್ಟ ತುಂಬಲಿಲ್ಲ. ನಾನು ಮಾಡಿದ್ದು ಇದನ್ನೇ. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

ಜಾಸ್ತಿ ಹಾಕುವುದಕ್ಕೂ ಹೊತ್ತುಗೊತ್ತು ಇದೆ. ವರ್ಷದ ಹೋರಿಗೆ ಸುಮ್ನೆ ಹಿಂಡಿ, ಕಾಳು ಸುರಿದರೆ ವೃಷಣ ಚೀಲದ ಕುತ್ತಿಗೆಯಲ್ಲಿ ಕೊಬ್ಬು ಕೂರುತ್ತದೆ. ವೃಷಣ ಮೈಗಿಂತ ತಂಪಾಗಿರಬೇಕು, ಕೊಬ್ಬು ಆ ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಗೊರಸಿನ ತೊಂದರೆಯೂ ಜೊತೆಗೆ.

ಆ ಹೋರಿಗಳು ಕೊನೆಗೂ ಪ್ರಾಯಕ್ಕೆ ಬಂದವು, ತಡವಾಗಿ. ಈಗ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುತ್ತೇವೆ. ಹಾಲನ್ನು ಮೆಲ್ಲಗೆ ಏರಿಸುತ್ತಾ ಮೈತೂಕದ ಐದರಲ್ಲಿ ಒಂದು ಪಾಲಿನವರೆಗೂ ಕೊಡುತ್ತೇವೆ. ಕರು ಹಿಂಡಿಯನ್ನು ತಾನಾಗಿ ಚೆನ್ನಾಗಿ ತಿನ್ನುವವರೆಗೆ ಹಾಲು ಬಿಡಿಸುವುದಿಲ್ಲ. ಭೇದಿಯಾದ ಕರುವನ್ನು ಒಂದು ದಿನವೂ ಹಸಿದಿರಲು ಬಿಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ತೂಕ ಹಾಕಿದಾಗ ನಾನು ಮೊದಲು ನೋಡುವುದು ಎರಡರಿಂದ ಆರು ತಿಂಗಳ ಕರುಗಳ ಪುಟ. ಅಲ್ಲಿ ಒಂದು ಕರು ಹಿಂದೆ ಬಿದ್ದಿದ್ದರೂ ಅವತ್ತೇ ಡಾಕ್ಟರಿಗೆ ಫೋನು.